ಬೋರ್ಡಕ್ಕನ ಹಸಿರು ದೀಪ

ನಮ್ಮ ಕಾಳಿನ ಬೀದಿಯಲ್ಲಿ ಚೀಲದ ಬಾಯಿ ನೋಡಿ ವ್ಯಾಪಾರ ಮಾಡಿದವನು ಎರಡನೇ ವರ್ಷ ಕಣ್ಣಿಗೆ ಬೀಳುವುದಿಲ್ಲ. ಬಾಯಿಯಲ್ಲಿ ಮುತ್ತಿನಂಥ ಕಾಳು, ಹೊಟ್ಟೆಯಲ್ಲಿ ಹುಳ. ಈ ಮಾತು ಚೀಲಕ್ಕೂ ಸಲ್ಲುತ್ತದೆ, ಮನುಷ್ಯರಿಗೂ ಸಲ್ಲುತ್ತದೆ. ಅದಕ್ಕೇ ನಾವೆಲ್ಲ ಒಂದು ಟೊಳ್ಳು ಸಲಾಕೆ ಇಟ್ಟುಕೊಂಡಿರುತ್ತೇವೆ. ಚೀಲದ ನಡುವಿಗೆ ಚುಚ್ಚಿದರೆ ಒಳಗಿನ ಕಾಳು ಸಲಾಕೆಯೊಳಗೆ ಜಾರಿ ಬರುತ್ತದೆ, ಗುಟ್ಟು ರಟ್ಟಾಗುತ್ತದೆ. ಮನುಷ್ಯರನ್ನು ಹೀಗೆ ಚುಚ್ಚಿ ನೋಡುವ ಸಲಾಕೆ ಇಲ್ಲವಲ್ಲ ಎಂಬುದು ನನ್ನ ಮೂವತ್ತು ವರ್ಷದ ಕೊರಗು.

ಇಂಥ ಬೀದಿಯಲ್ಲಿ ಹನ್ನೊಂದು ಮಿಲ್ಲುಗಳ ಯಂತ್ರಗಳನ್ನು ಒಬ್ಬಳೇ ಬಿಚ್ಚಿ ಮುಚ್ಚುವ ಹೆಂಗಸೊಬ್ಬಳಿದ್ದಾಳೆ. ಯಂತ್ರದೊಳಗಿನ ಹಸಿರು ಬೋರ್ಡುಗಳನ್ನು ರಿಪೇರಿ ಮಾಡುವುದರಿಂದ ಎಲ್ಲರಿಗೂ ಆಕೆ ಬೋರ್ಡಕ್ಕ. ವಯಸ್ಸು ಐವತ್ತರ ಆಸುಪಾಸು. ತಲೆಯ ಮೇಲೆ ಒಂದು ಕನ್ನಡಕ, ಕೊರಳಲ್ಲಿ ನೇತಾಡುವ ಇನ್ನೊಂದು ಕನ್ನಡಕ, ಹೆಗಲಿಗೆ ಕ್ಯಾನ್ವಾಸ್ ಚೀಲ. ಮಾತು ಕಡಿಮೆ. ಮಾತು ಕಡಿಮೆಯಿರುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಅಳುಕು. ಬಾಯಿಬಡುಕ ಸುಳ್ಳನ್ನು ಅಲ್ಲೇ ಚೆಲ್ಲಿ ಹೋಗುತ್ತಾನೆ. ಮಾತಾಡದವರು ಅದನ್ನು ಜೋಪಾನವಾಗಿ ಮನೆಗೆ ಒಯ್ಯುತ್ತಾರೆ.

ಆಕೆಯ ಹಿಂದಿನ ಕಥೆಯನ್ನು ನಾನು ಕೇಳಿ ತಿಳಿದದ್ದಲ್ಲ, ಕೆದಕಿ ತಿಳಿದದ್ದು. ಟೆಲಿಫೋನ್ ಎಕ್ಸ್‌ಚೇಂಜಿಗೆ ಬೋರ್ಡು ಮಾಡುವ ಕಾರ್ಖಾನೆಯೊಂದರಲ್ಲಿ ಹದಿನಾರು ವರ್ಷ ಬೆಸುಗೆ ಹಾಕುವ ಸಾಲಿನಲ್ಲಿ ಕೂತಿದ್ದಳಂತೆ. ಕಿಟಕಿಯ ಪಕ್ಕದ ಮೂರನೇ ಸ್ಟೂಲು. ಅಲ್ಲಿದ್ದ ಒಬ್ಬ ಎಂಜಿನಿಯರಿಗೆ ಕಣ್ಣು ಮಂಜಾಗುತ್ತ ಬಂದಾಗ, ಸೂಕ್ಷ್ಮದರ್ಶಕದಲ್ಲಿ ನೋಡಿ ಹೇಳಲು ಈಕೆಯನ್ನು ಪಕ್ಕದಲ್ಲಿ ಕೂರಿಸಿಕೊಂಡನಂತೆ. ಕಣ್ಣು ಎರವಲು ಕೊಟ್ಟವಳು ವಿದ್ಯೆಯನ್ನು ಬಡ್ಡಿ ಸಮೇತ ವಸೂಲು ಮಾಡಿಕೊಂಡಳು. ಕಾರ್ಖಾನೆ ಮುಚ್ಚುವ ದಿನ ಉಳಿದವರು ಕುರ್ಚಿ, ಫ್ಯಾನು, ಕಪಾಟು ಹೊತ್ತುಕೊಂಡು ಹೋದರೆ, ಈಕೆ ಸೂಕ್ಷ್ಮದರ್ಶಕವೊಂದನ್ನು ಕೇಳಿ ಪಡೆದು ಎದೆಗವಚಿಕೊಂಡು ಬಸ್ಸು ಹತ್ತಿದಳು. ಟೈಲರ್ ಅಂಗಡಿಯ ಮೇಲಿನ ಒಂದು ಕೋಣೆ ಹಿಡಿದಳು. ಕೆಳಗೆ ಹೊಲಿಗೆ ಯಂತ್ರದ ಗಡಗಡ, ಮೇಲೆ ಬೆಸುಗೆಯ ಹೊಗೆ. ತಂದೆತಾಯಿ ಬೇಗ ಹೋದ್ದರಿಂದ ತಮ್ಮನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದ್ದೂ ಈಕೆಯೇ. ಆ ತಮ್ಮ ಈಗ ಕೋಳಿ, ದನಗಳ ಮೇವಿನ ಅಂಗಡಿ ಇಟ್ಟಿದ್ದಾನೆ. ಈ ತಮ್ಮನನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು, ಏಕೆಂದರೆ ನಾನು ಅವನನ್ನು ಒಂದು ಕ್ಷಣವೂ ಮರೆಯಲಿಲ್ಲ.

ನನ್ನದು ಹಳದಿ ಬಟಾಣಿಯ ಮಿಲ್ಲು. ಅಲ್ಲಿ ಬಣ್ಣ ನೋಡಿ ಕಾಳು ವಿಂಗಡಿಸುವ ಯಂತ್ರವೊಂದಿದೆ. ಮೇಲಿನಿಂದ ಕಾಳು ಜಾರುಬಂಡಿಯಲ್ಲಿ ಧಾರೆಯಾಗಿ ಬೀಳುತ್ತದೆ, ನಡುವೆ ಒಂದು ಕ್ಯಾಮೆರಾ ಪ್ರತಿ ಕಾಳನ್ನೂ ನೋಡುತ್ತದೆ, ಕೆಟ್ಟ ಕಾಳು ಕಂಡರೆ ಅದರ ಕೆಳಗಿನ ಸಣ್ಣ ಕೊಳವೆ ಫಕ್ಕನೆ ಗಾಳಿ ಊದಿ ಅದನ್ನು ಪಕ್ಕದ ಚೀಲಕ್ಕೆ ಹಾರಿಸುತ್ತದೆ. ಅದು ರಿಜೆಕ್ಟ್ ಚೀಲ, ಕೋಳಿ ಮೇವಿಗೆ ಹೋಗುವಂಥದ್ದು. ಯಂತ್ರವನ್ನು ನಾನು ಸೆಕೆಂಡ್ ಹ್ಯಾಂಡಿನಲ್ಲಿ ತಂದಿದ್ದೆ. ಹಿಂದಿನ ಯಜಮಾನ ಚೆಂದದ ಪೊಟ್ಟಣ ಕಟ್ಟುವ ಕಂಪನಿಯೊಂದಕ್ಕೆ ಬಟಾಣಿ ಕೊಡುತ್ತಿದ್ದ. ಆ ಕಂಪನಿಗೆ ಒಂದೆಳೆ ಹಸಿರು ಛಾಯೆ ಇದ್ದರೂ ಕಾಳು ಬೇಡ. ನನ್ನ ಗಿರಾಕಿಗಳು ಅಷ್ಟು ನಾಜೂಕಿನವರಲ್ಲ. ಬೇಯುತ್ತದೆಯೋ ಇಲ್ಲವೋ ಅಷ್ಟೇ ಕೇಳುತ್ತಾರೆ. ಆದರೆ ಯಂತ್ರ ಹಳೇ ಗಂಡನ ಮನೆಯ ರೂಢಿ ಬಿಡದೆ, ಹಸಿರು ಛಾಯೆಯ ಒಳ್ಳೇ ಕಾಳನ್ನೂ ಹಾರಿಸುತ್ತಿತ್ತು. ಬೋರ್ಡಕ್ಕನನ್ನು ಕರೆಸಿದೆ. ಆಕೆ ಬಂದು ಮೊದಲು ಗೋಡೆಯ ಪಕ್ಕದ ಕಬ್ಬಿಣದ ಕಂಬಕ್ಕೆ ಅಂಗೈ ಒತ್ತಿದಳು, ಆಮೇಲೆ ಯಂತ್ರದ ಮುಚ್ಚಳ ತೆಗೆದಳು. ಕಂಬ ಮುಟ್ಟಿದ್ದು ಯಾಕೋ? ನನಗೆ ಸರಿಕಾಣಲಿಲ್ಲ. ಒಳಗಿದ್ದ ಚೌಕದ ಕಪ್ಪು ಚಿಪ್ಪಿಗೆ ಲ್ಯಾಪ್‌ಟಾಪಿನಿಂದ ತಂತಿ ಕೊಟ್ಟಳು. ಅರ್ಧ ದಿನ ಕೂತು ಏನೋ ಬರೆದಳು. ಮುಚ್ಚಳ ಹಾಕಿದ ಮೇಲೆ ಯಂತ್ರ ಒಳ್ಳೇ ಸೊಸೆಯ ಹಾಗೆ ನಡೆದುಕೊಂಡಿತು.

"ಏನು ಬದಲಾಯಿಸಿದ್ರಿ ಅಕ್ಕ? ಒಂದು ಸ್ಕ್ರೂ ಕೂಡ ಹೊಸದು ಕಾಣಲ್ಲ," ಎಂದೆ.

"ಒಳಗಿನ ಸರ್ಕ್ಯೂಟು ಬದಲಾಯಿಸಿದೆ ಯಜಮಾನ್ರೇ."

"ಚಿಪ್ ಅದೇ ಇದೆಯಲ್ಲ?"

"ಚಿಪ್ ಅದೇ. ಸರ್ಕ್ಯೂಟು ಬೇರೆ."

ಅಂದು ರಾತ್ರಿ ನನಗೆ ಅನ್ನ ಸೇರಲಿಲ್ಲ. ಹೊರಗಿನಿಂದ ಅದೇ ಚಿಪ್, ಒಳಗಿನಿಂದ ಬೇರೆ ಯಂತ್ರ! ಇವತ್ತು ನನ್ನ ಪರವಾಗಿ ಬದಲಾದದ್ದು ನಾಳೆ ಇನ್ನೊಬ್ಬರ ಪರವಾಗಿ ಬದಲಾಗುವುದಿಲ್ಲ ಎಂಬುದಕ್ಕೆ ಏನು ಖಾತ್ರಿ? ಕಲ್ಲಿನ ತೂಕ ಕಲ್ಲಿಗೇ ಗೊತ್ತಿರಬೇಕು, ಕೇಳಿದವರಿಗೆಲ್ಲ ಒಂದೊಂದು ತೂಕ ಹೇಳುವ ಕಲ್ಲನ್ನು ಯಾರು ತಕ್ಕಡಿಗೆ ಹಾಕುತ್ತಾರೆ?

ಇನ್ನೊಂದು ವಿಷಯ. ಬೋರ್ಡಿನ ಮೂಲೆಯಲ್ಲಿ, ಮುಚ್ಚಳದ ಸಣ್ಣ ಗಾಜಿನ ಹಿಂದೆ, ಒಂದು ಹಸಿರು ದೀಪ ಮಿಟುಕುತ್ತಿತ್ತು. ಮೊದಲು ಇರಲಿಲ್ಲ. ನಾನು ಗಲ್ಲಾದಲ್ಲಿ ಕೂತಾಗಲೆಲ್ಲ ಅದು ನನ್ನನ್ನೇ ನೋಡಿ ಕಣ್ಣು ಹೊಡೆದಂತಾಗುತ್ತಿತ್ತು. ಇಲ್ಲಿನ ಸುದ್ದಿ ಅಲ್ಲಿಗೆ ಕಳಿಸುವ ಏನಾದರೂ ಆಗಿದ್ದರೆ? ಒಂದು ಚೀಲದ ಚೀಟಿ ತಂದು, ಹಿಂದೆ ಅಂಟು ಹಚ್ಚಿ, ಆ ಗಾಜಿನ ಮೇಲೆ ಮೆತ್ತಿಬಿಟ್ಟೆ. ಕಣ್ಣು ಹೊಡೆಯುವುದು ನಿಂತಿತು.

ಒಂದು ತಿಂಗಳು ಚೆನ್ನಾಗಿ ನಡೆಯಿತು. ಆಮೇಲೆ ಒಂದು ಸಂಜೆ ರಿಜೆಕ್ಟ್ ಚೀಲದೊಳಗೆ ಕೈ ಹಾಕಿದೆ. ಕೈಗೆ ಕಾಳು ಗೊತ್ತಾಗುತ್ತದೆ. ಕೆಟ್ಟ ಕಾಳು ಒರಟು, ಹಗುರ. ಇವು ನುಣ್ಣಗೆ, ತೂಕವಾಗಿ ಉರುಳಿದವು. ಬೆಳಕಿಗೆ ಹಿಡಿದೆ. ಹಸಿರು ಛಾಯೆಯ ಒಳ್ಳೇ ಬಟಾಣಿ! ಮರುದಿನ ಬೆಳಿಗ್ಗೆ ನೋಡಿದರೆ ಯಂತ್ರ ಸರಿಯಿದೆ. ಸಂಜೆ ನೋಡಿದರೆ ಮತ್ತೆ ಒಳ್ಳೇ ಕಾಳು ಹಾರುತ್ತಿದೆ. ಬೋರ್ಡಕ್ಕನನ್ನು ಕರೆಸಿದೆ. ಆಕೆ ಬೆಳಿಗ್ಗೆ ಬಂದಳು, ಹತ್ತು ನಿಮಿಷ ನೋಡಿದಳು, "ಸರಿಯಾಗೇ ಇದೆಯಲ್ಲ" ಎಂದು ಹೋದಳು. ಆ ಸಂಜೆ ಮತ್ತೆ ಅದೇ ಕಥೆ. ಆಕೆ ಎದುರಿಗಿದ್ದಾಗ ಹಸು, ಬೆನ್ನು ತಿರುಗಿಸಿದರೆ ಹುಲಿ.

ಇನ್ನು ತಮ್ಮನ ವಿಷಯ. ಒಳ್ಳೇ ಕಾಳು ಹಾರತೊಡಗಿದ ತಿಂಗಳಿನಿಂದಲೇ ನನ್ನ ರಿಜೆಕ್ಟ್ ಚೀಲಗಳನ್ನು ಕೊಳ್ಳುತ್ತಿದ್ದವನು ಯಾರು? ಮೇವಿನಂಗಡಿಯ ಆ ತಮ್ಮ! ಅಕ್ಕ ಒಳ್ಳೇ ಕಾಳನ್ನು ಮೇವಿನ ಚೀಲಕ್ಕೆ ಹಾರಿಸುತ್ತಾಳೆ, ತಮ್ಮ ಮೇವಿನ ಬೆಲೆಗೆ ಒಳ್ಳೇ ಕಾಳು ಹೊಡೆಯುತ್ತಾನೆ. ಬೇಲಿಯೇ ಎದ್ದು ಹೊಲ ಮೇಯುವುದು ಎಂದರೆ ಇದೇ. ನನ್ನ ತಲೆಯಲ್ಲಿ ಎಲ್ಲವೂ ಅಚ್ಚುಕಟ್ಟಾಗಿ ಕೂತುಬಿಟ್ಟಿತು. (ಅದೇ ತಿಂಗಳು ನಾನು ಕೊಳವೆಗಳಿಗೆ ಗಾಳಿ ಒದಗಿಸುವ ಒಂದು ದೊಡ್ಡ ಕಂಪ್ರೆಸರನ್ನೂ ಅಗ್ಗಕ್ಕೆ ತಂದು ಕೂರಿಸಿದ್ದೆ. ಆದರೆ ಅಗ್ಗಕ್ಕೆ ತಂದದ್ದರ ಮೇಲೆ ಯಾರಿಗೆ ಅನುಮಾನ ಬರುತ್ತದೆ?)

ಮನೆಯಲ್ಲಿ ಹೇಳಿದೆ. ನನ್ನ ಹೆಂಡತಿ ಬಟ್ಟೆ ಮಡಿಸುತ್ತ ಕೇಳಿದಳು.

"ಕಾಮಾಲೆ ಕಣ್ಣಿಗೆ ಎಲ್ಲಾ ಹಳದಿ ಕಾಣುತ್ತಂತೆ. ನಿಮಗೆ ಹಳದಿ ಬಟಾಣಿನೂ ಕಪ್ಪಾಗೇ ಕಾಣುತ್ತಲ್ರೀ."

"ನಿನಗೇನು ಗೊತ್ತು ವ್ಯಾಪಾರ."

"ವ್ಯಾಪಾರ ಗೊತ್ತಿಲ್ಲ. ಹದಿನಾರು ವರ್ಷ ಒಂದೇ ಸ್ಟೂಲ್ ಮೇಲೆ ಕೂತೋಳಿಗೆ ಒಂದು ಮುಷ್ಟಿ ಬಟಾಣಿಗೆ ಆಸೆ ಬಿತ್ತು ಅಂತೀರಲ್ಲ, ಅದು ನಂಬೋಕಾಗಲ್ಲ."

ಮನೆಯಲ್ಲಿ ಬೆಲೆ ಸಿಗದ ಮಾತಿಗೆ ಬೀದಿಯಲ್ಲಿ ಗಿರಾಕಿ ಹುಡುಕುವುದು ಗಂಡಸರ ಜಾಯಮಾನ. ಪಕ್ಕದ ಮಿಲ್ಲಿನ ಯಜಮಾನನನ್ನು ನಾವು 'ಗಂಟಲು' ಎನ್ನುತ್ತೇವೆ, ಏಕೆಂದರೆ ಅವನಿಗೆ ಹೇಳಿದ್ದು ಹೊಟ್ಟೆಗೆ ಇಳಿಯುವುದೇ ಇಲ್ಲ. ಆ ಶನಿವಾರ ಸಂಜೆ ಮಿಲ್ಲಿನವರ ಸಂಘದ ಸಭೆಯಲ್ಲಿ, ಅವನ ಪಕ್ಕದಲ್ಲೇ ನಿಂತು, ನಾನು ಬೋರ್ಡಕ್ಕನ ಹೆಸರೆತ್ತಿ ಹೇಳಿದೆ: "ಅಕ್ಕ ಹಾರಿಸ್ತಾಳೆ, ತಮ್ಮ ಹಿಡೀತಾನೆ." ಎರಡೇ ದಿನದಲ್ಲಿ ನಾಲ್ಕು ಮಿಲ್ಲಿನವರು ಆಕೆಗೆ ಬರಬೇಡವೆಂದು ಹೇಳಿ ಕಳಿಸಿದರು. ಉಳಿದವರು ಮುಂದಿನ ಶನಿವಾರದ ಸಭೆಗೆ ಕಾಯುತ್ತಿದ್ದರು. ಅಲ್ಲಿ ತೀರ್ಮಾನವಾದರೆ ಈ ಬೀದಿಯಲ್ಲಿ ಆಕೆ ಒಂದು ತಂತಿಯನ್ನೂ ಮುಟ್ಟುವ ಹಾಗಿರಲಿಲ್ಲ. ಬೇರೆ ಬೀದಿಯೆಂದರೆ, ನಮ್ಮ ಬೀದಿ ಉಗುಳಿದ್ದನ್ನು ಬೇರೆ ಯಾವ ಬೀದಿಯೂ ನುಂಗುವುದಿಲ್ಲ.

ಬುಧವಾರ ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಬೋರ್ಡಕ್ಕ ಮೆಟ್ಟಿಲ ಮೇಲೆ ಕೂತಿದ್ದಳು.

"ಯಜಮಾನ್ರೇ, ಕಳ್ಳಿ ಅಂದ್ರಂತೆ."

ಮುಖಕ್ಕೆ ಮುಖ ಕೊಟ್ಟು ಹೀಗೆ ಕೇಳಿದರೆ ವ್ಯಾಪಾರಿಗೆ ಸ್ವಲ್ಪ ಕಷ್ಟ. "ಹಾಗಂತ ಅಂದಿಲ್ಲ ಅಕ್ಕ, ಅನುಮಾನ ಅಂದೆ."

"ಅನುಮಾನ ಅನ್ನೋದು ಕಳ್ಳಿಗೆ ನೀವು ಇಟ್ಟ ಮುದ್ದಿನ ಹೆಸರು. ಇರಲಿ. ಇವತ್ತು ಬಾಗಿಲು ತೆಗೆದಾಗಿಂದ ಮುಚ್ಚೋ ತನಕ ಇಲ್ಲೇ ಇರ್ತೀನಿ. ಯಂತ್ರ ಮುಟ್ಟಲ್ಲ. ನೋಡ್ತೀನಿ ಅಷ್ಟೆ. ನೀವೂ ನನ್ನನ್ನ ನೋಡ್ತಾ ಕೂತ್ಕೊಳ್ಳಿ."

"ಅದನ್ನ ನೀವು ಹೇಳಬೇಕಾಗಿಲ್ಲ," ಎಂದೆ.

ಯಂತ್ರ ನಡೆಸುವವನು ನನ್ನ ಹೆಂಡತಿಯ ತಮ್ಮ, ಅಂದರೆ ನನ್ನ ಭಾವಮೈದ. ಅವನು ಬೆಳಗಿನ ಪದ್ಧತಿಯಂತೆ ಗೋಡೆಯ ದೊಡ್ಡ ಹಿಡಿಕೆ ಮೇಲೆತ್ತಿದ, ಆಮೇಲೆ ಲೈಟು, ಆಮೇಲೆ ಯಂತ್ರ, ಕೊನೆಗೆ ಕಂಪ್ರೆಸರ್, ಒಂದೊಂದೇ ಸ್ವಿಚ್ ಹಾಕಿದ. ಬಟಾಣಿ ಸುರಿಯತೊಡಗಿತು. ರಿಜೆಕ್ಟ್ ಚೀಲದಲ್ಲಿ ಕಲೆಯ ಕಾಳು, ಮುರುಕಲು, ಕಪ್ಪು ಕಾಳು ಮಾತ್ರ. ಒಳ್ಳೇ ಕಾಳು ಒಂದೂ ಇಲ್ಲ. ನಾನು ಆಕೆಯ ಎದುರಿಗೆ ಸ್ಟೂಲು ಹಾಕಿ ಕೈಕಟ್ಟಿ ಕೂತೆ. ಹೀಗೆ ಎರಡು ಗಂಟೆ ಒಬ್ಬರನ್ನೊಬ್ಬರು ನೋಡಿಕೊಂಡು ಕೂತರೆ ಮಾತು ತಾನಾಗಿ ಬರುತ್ತದೆ.

"ಈ ಚಿಪ್ ಒಳಗೆ ಏನಿದೆ, ನನಗೆ ಅರ್ಥ ಆಗೋ ಹಾಗೆ ಹೇಳಿ ನೋಡೋಣ," ಎಂದೆ. ಸುಳ್ಳು ಹೇಳುವವರು ಬಿಡಿಸಿ ಹೇಳಲು ಹೋದರೆ ಎಲ್ಲೋ ಒಂದು ಕಡೆ ಎಡವುತ್ತಾರೆ.

ಆಕೆ ಸುತ್ತ ನೋಡಿ, ಗಿರಾಕಿಗಳಿಗೆ ಕಾಳಿನ ಮಾದರಿ ತೋರಿಸಲು ನಾನಿಟ್ಟಿದ್ದ ಮರದ ತಟ್ಟೆ ಎಳೆದುಕೊಂಡಳು. ನಾಲ್ಕು ಸಾಲು, ಸಾಲಿಗೆ ನಾಲ್ಕು, ಒಟ್ಟು ಹದಿನಾರು ಗುಳಿ.

"ಇದಕ್ಕೆ ಎಫ್‌ಪಿಜಿಎ ಅಂತಾರೆ. ಬೇರೆ ಚಿಪ್ಪುಗಳಿಗೆ ಕಾರ್ಖಾನೆಯಲ್ಲೇ ಹಣೆಬರಹ ಬರೆದು ಕಳಿಸ್ತಾರೆ, ಅದು ಸಾಯೋವರೆಗೂ ಅದೇ ಕೆಲಸ. ಇದನ್ನ ಖಾಲಿ ಹಣೆಯಲ್ಲಿ ಕಳಿಸ್ತಾರೆ. ಕೊಂಡೋರು ತಮಗೆ ಬೇಕಾದ್ದು ಬರ್ಕೋಬೇಕು, ಬೇಡ ಅಂದ್ರೆ ಅಳಿಸಿ ಮತ್ತೆ ಬರೀಬಹುದು."

"ಅದೇ ನನ್ನ ತಕರಾರು."

"ಕೇಳಿ ಮೊದಲು. ಒಂದು ಕಾಳಿಗೆ ನಾಲ್ಕು ಪ್ರಶ್ನೆ. ಕಲೆ ಇದೆಯಾ? ಮುರಿದಿದೆಯಾ? ಕಪ್ಪಾಗಿದೆಯಾ? ಹಸಿರು ಛಾಯೆ ಇದೆಯಾ? ಒಂದೊಂದಕ್ಕೂ ಹೌದು ಇಲ್ಲವೇ ಅಲ್ಲ. ನಾಲ್ಕೂ ಸೇರಿದ್ರೆ ಎಷ್ಟು ಥರ ಉತ್ತರ ಬರಬಹುದು?"

ಬೆರಳು ಮಡಿಸಿದೆ. "ಹದಿನಾರು."

"ಹದಿನಾರು ಗುಳಿ. ಯಾವ ಥರದ ಕಾಳು ಬಂದ್ರೆ ಯಾವ ಗುಳಿ ಅಂತ ಮೊದಲೇ ಗೊತ್ತು. ಗುಳೀಲಿ ಬಟಾಣಿ ಇದ್ರೆ 'ಊದು'. ಖಾಲಿ ಇದ್ರೆ 'ಬಿಡು'. ಲೆಕ್ಕ ಹಾಕೋದು ಇಲ್ಲ, ಯೋಚನೆ ಮಾಡೋದು ಇಲ್ಲ. ಗುಳಿ ನೋಡು, ಉತ್ತರ ಹೇಳು. ಇಷ್ಟೇ."

ಆಕೆ ತಟ್ಟೆಯಲ್ಲಿ ಬಟಾಣಿ ಜೋಡಿಸಿದಳು. ನಾಲ್ಕಕ್ಕೂ 'ಇಲ್ಲ' ಎನ್ನುವ ಶುದ್ಧ ಕಾಳಿನ ಗುಳಿ ಖಾಲಿ. ಹಸಿರು ಛಾಯೆ ಒಂದು ಬಿಟ್ಟರೆ ಬೇರೆ ದೋಷವಿಲ್ಲದ ಕಾಳಿನ ಗುಳಿಯೂ ಖಾಲಿ. ಮಿಕ್ಕ ಹದಿನಾಲ್ಕರಲ್ಲೂ ಒಂದೊಂದು ಬಟಾಣಿ.

"ಇದು ನಿಮಗೆ ನಾನು ಮಾಡಿಕೊಟ್ಟಿದ್ದು. ಇಂಥ ಪುಟ್ಟ ತಟ್ಟೆಗಳು ಆ ಚಿಪ್ ಒಳಗೆ ಸಾವಿರಗಟ್ಟಲೆ ಇವೆ. ತಟ್ಟೆಗೂ ತಟ್ಟೆಗೂ ನಡುವೆ ಓಣಿ, ಓಣಿ ಕೂಡೋ ಕಡೆಯಲ್ಲೆಲ್ಲ ಗೇಟು. ಯಾವ ಗೇಟು ತೆಗೀಬೇಕು, ಯಾವುದು ಮುಚ್ಚಬೇಕು, ಯಾವ ಗುಳೀಲಿ ಕಾಳು ಇಡಬೇಕು, ಇಷ್ಟನ್ನ ಒಂದು ಉದ್ದನೇ ಪಟ್ಟಿ ಮಾಡಿ ಒಳಗೆ ಸುರೀತೀನಿ. ಸರ್ಕ್ಯೂಟು ಅಂದ್ರೆ ಅದೇ."

"ಕಂಪ್ಯೂಟರಿಗೆ ಹೇಳಿದ್ರೆ ಮಾಡಲ್ವಾ ಇದನ್ನ?"

"ಮಾಡುತ್ತೆ. ಅದು ಒಬ್ಬ ಗುಮಾಸ್ತ ಇದ್ದ ಹಾಗೆ, ಎಷ್ಟೇ ಚುರುಕಾದ್ರೂ ಒಂದಾದ ಮೇಲೆ ಒಂದು ಓದಬೇಕು. ಇಲ್ಲಿ ಬೀದಿ ತುಂಬಾ ಅಂಗಡಿಯವರು ಒಂದೇ ತಾಳಕ್ಕೆ ಒಟ್ಟಿಗೆ ಕೈ ಆಡಿಸ್ತಾರೆ. ಕಾಳು ಕ್ಯಾಮೆರಾ ದಾಟಿ ಗಾಳಿ ಕೊಳವೆ ಹತ್ರ ಬರೋಕೆ ಕಣ್ಣು ಮುಚ್ಚಿ ತೆಗೆಯೋಷ್ಟು ಹೊತ್ತೂ ಇಲ್ಲ. ಗುಮಾಸ್ತ ಕೆಮ್ಮಿದ್ರೂ ಕಾಳು ದಾಟಿಹೋಯ್ತು."

ನಾನು ತಟ್ಟೆಯನ್ನೇ ನೋಡುತ್ತಿದ್ದೆ. ಒಂದು ಬಟಾಣಿ ಎತ್ತಿಕೊಂಡು ಆ ಹಸಿರು ಛಾಯೆಯ ಖಾಲಿ ಗುಳಿಗೆ ಹಾಕಿದೆ.

"ಈಗ?"

"ಈಗ ಒಳ್ಳೇ ಕಾಳೂ ಹಾರುತ್ತೆ. ಹಳೇ ಯಜಮಾನರ ತಟ್ಟೆ ಹಾಗೇ ಇತ್ತು."

"ಅಂದ್ರೆ ಒಂದೇ ಒಂದು ಕಾಳು ಇಟ್ಟು ನನ್ನನ್ನ ಮುಳುಗಿಸಬಹುದು."

"ಹೂಂ," ಎಂದಳು. "ಒಂದೇ ಸಾಕು."

ಆಕೆ ಅದನ್ನು ಒಪ್ಪಿಕೊಂಡ ರೀತಿಗೆ ನನ್ನ ಅನುಮಾನ ಇಮ್ಮಡಿಯಾಯಿತು. ಕಳ್ಳರು ಯಾವತ್ತೂ ಇಷ್ಟು ಸಲೀಸಾಗಿ ಒಪ್ಪುವುದಿಲ್ಲ, ಹಾಗಾಗಿ ಇದು ದೊಡ್ಡ ಕಳ್ಳರ ಲಕ್ಷಣವಿರಬೇಕು.

ಮಧ್ಯಾಹ್ನ ಒಂದು ಗಂಟೆಯಾಯಿತು. ನಮ್ಮಪ್ಪನ ಕಾಲದಿಂದ ಈ ಮಿಲ್ಲಿನಲ್ಲಿ ಒಂದು ಕಟ್ಟಳೆಯಿದೆ: ಆಳು ಉಣ್ಣುವಾಗ ಯಂತ್ರ ಕರೆಂಟು ಉಣ್ಣಬಾರದು. ಭಾವಮೈದ ಗೋಡೆಯ ದೊಡ್ಡ ಹಿಡಿಕೆ ಕೆಳಗೆಳೆದ. ಎಲ್ಲ ಒಟ್ಟಿಗೆ ನಿಂತಿತು. ಅವನು ಊಟಕ್ಕೆ ಹೋದ. ಬೋರ್ಡಕ್ಕ ಕದಲಲಿಲ್ಲ, ಹಾಗಾಗಿ ನಾನೂ ಕದಲಲಿಲ್ಲ. ನನ್ನ ಹೊಟ್ಟೆ ಗುಡುಗಿತು. ಆಕೆ ಚೀಲದಿಂದ ಒಂದು ಬಾಳೆಹಣ್ಣು ತೆಗೆದು ಅರ್ಧ ಮುರಿದು ಚಾಚಿದಳು.

"ಬೇಡ," ಎಂದೆ.

"ವಿಷ ಹಾಕಿಲ್ಲ. ಸಿಪ್ಪೆ ಒಳಗೆ ಹಾಕೋ ವಿದ್ಯೆ ನನಗೆ ಬರಲ್ಲ."

ಆದರೂ ತೆಗೆದುಕೊಳ್ಳಲಿಲ್ಲ.

ಮುಕ್ಕಾಲು ಗಂಟೆಯ ಮೇಲೆ ಭಾವಮೈದ ತೇಗುತ್ತ ಬಂದು ಹಿಡಿಕೆ ಮೇಲೆತ್ತಿದ. ಲೈಟು, ಯಂತ್ರ, ಕಂಪ್ರೆಸರ್ ಎಲ್ಲ ಒಟ್ಟಿಗೆ ಎದ್ದವು. ಕಂಪ್ರೆಸರ್ ಮುದಿ ಎಮ್ಮೆಯಂತೆ ಹೂಂಕರಿಸಿತು, ಲೈಟು ಒಮ್ಮೆ ಮಂಕಾಗಿ ಮತ್ತೆ ಬೆಳಗಿತು. ದಿನವೂ ಹೀಗೇ. ಕಾಳು ಸುರಿಯಿತು. ಐದು ನಿಮಿಷ ಬಿಟ್ಟು ನಾನು ರಿಜೆಕ್ಟ್ ಚೀಲಕ್ಕೆ ಕೈ ಹಾಕಿದೆ. ಮುಷ್ಟಿ ತುಂಬ ಒಳ್ಳೇ ಕಾಳು!

"ನೋಡಿ! ನಿಮ್ಮ ಎದುರಿಗೇ! ಇನ್ನೇನು ಹೇಳ್ತೀರಿ?"

ಬೋರ್ಡಕ್ಕನ ಮುಖ ಬಿಳಿಚಿತು. ಅದನ್ನು ನೋಡಿ ನನಗೆ ಆದ ಸಂತೋಷವನ್ನು ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆದರೆ ಆಗಿದ್ದಂತೂ ನಿಜ. ಆಕೆ ಕೊರಳಿನ ಕನ್ನಡಕ ಏರಿಸಿಕೊಂಡು ಯಂತ್ರದ ಮೂಲೆಗೆ ಬಗ್ಗಿದಳು.

"ದೀಪ ಎಲ್ಲಿ?"

"ಯಾವ ದೀಪ?"

"ಇಲ್ಲಿ ಗಾಜಿತ್ತು, ಹಿಂದೆ ಹಸಿರು ದೀಪ ಇಟ್ಟಿದ್ದೆ."

ನಾನು ಕಾಳಿನ ಧಾರೆ ನೋಡತೊಡಗಿದೆ. ಭಾವಮೈದ ಸುಮ್ಮನಿರುವ ಜಾತಿಯವನಲ್ಲ. "ಭಾವ, ಅದು ಕಣ್ಣು ಹೊಡೆಯುತ್ತೆ ಅಂತ ನೀವೇ ಚೀಟಿ ಅಂಟಿಸಿದ್ರಲ್ಲ!"

ಬೋರ್ಡಕ್ಕ ನನ್ನನ್ನು ನೋಡಿದಳು. "ನೀವೇ ಕೀಳಿ," ಎಂದಳು. "ನಾನು ಮುಟ್ಟಿದ್ರೆ ಅದಕ್ಕೂ ಒಂದು ಕಥೆ ಹುಟ್ಟುತ್ತೆ."

ಉಗುರಿನಿಂದ ಕೆರೆದು ಚೀಟಿ ಕಿತ್ತೆ. ಹಿಂದೆ ದೀಪ ಮಿಟುಕುತ್ತಿತ್ತು. ಎರಡು ಸಲ, ಒಂದು ವಿರಾಮ. ಮತ್ತೆ ಎರಡು ಸಲ, ಮತ್ತೆ ವಿರಾಮ.

"ಕರೆಂಟು ಹೋದ್ರೆ ಈ ಚಿಪ್ಪಿಗೆ ಎಲ್ಲಾ ಮರೆತುಹೋಗುತ್ತೆ," ಎಂದಳು ಆಕೆ, ಈಗ ನನಗಿಂತ ತನಗೇ ಹೇಳಿಕೊಳ್ಳುವವಳಂತೆ. "ಗುಳಿ ಎಲ್ಲಾ ಖಾಲಿ. ಕರೆಂಟು ಬಂದ ತಕ್ಷಣ ಪಕ್ಕದ ಇನ್ನೊಂದು ಪುಟ್ಟ ಚಿಪ್ಪಿಂದ ಪಟ್ಟಿ ಓದಿ ಮತ್ತೆ ತುಂಬಿಕೊಳ್ಳುತ್ತೆ. ಪಟ್ಟಿ ಇಡೋಕೆ ಅಲ್ಲಿ ಎರಡು ಅರೆ ಇದೆ. ಒಂದನೇ ಅರೆಯಲ್ಲಿ ಹಳೇ ಯಜಮಾನರಿಗೆ ಕಾರ್ಖಾನೆಯವರು ಬರೆದುಕೊಟ್ಟ ಹಳೇ ಪಟ್ಟಿ. ಅದನ್ನ ಅಳಿಸಬಾರದು, ಆಪತ್ತಿಗೆ ಬೇಕು. ಎರಡನೇ ಅರೆಯಲ್ಲಿ ನಾನು ಬರೆದಿದ್ದು. ಮೊದಲು ನನ್ನದನ್ನ ಓದುತ್ತೆ. ಕೊನೇಲಿ ತಾಳೆ ನೋಡುತ್ತೆ. ಸರಿಬಂದ್ರೆ ದೀಪ ಒಂದು ಸಲ. ಓದೋವಾಗ ಏನಾದ್ರೂ ತಪ್ಪಿ ತಾಳೆ ಬರಲಿಲ್ಲ ಅಂದ್ರೆ ನನ್ನದನ್ನ ಬಿಟ್ಟು ಹಳೇದನ್ನ ತಗೊಳ್ಳುತ್ತೆ. ಆಗ ಎರಡು ಸಲ."

"ಓದೋವಾಗ ಯಾಕೆ ತಪ್ಪಬೇಕು?"

ಆಕೆ ತಿರುಗಿ ಭಾವಮೈದನನ್ನು ಕೇಳಿದಳು: "ಬೆಳಿಗ್ಗೆ ಒಂದೊಂದೇ ಸ್ವಿಚ್ ಹಾಕಿದೆಯಲ್ಲ, ಈಗ ಯಾಕೆ ಹಾಕಲಿಲ್ಲ?"

"ಈಗ ಯಾಕೆ ಹಾಕಬೇಕಕ್ಕ? ಸ್ವಿಚ್ ಎಲ್ಲಾ ಹಾಗೇ ಇದ್ವು. ಹಿಡಿಕೆ ಎಳೆದಿದ್ದಷ್ಟೆ, ಎತ್ತಿದ್ದಷ್ಟೆ. ಊಟಕ್ಕೆ ದಿನಾ ಹೀಗೇ."

"ಆ ಕಂಪ್ರೆಸರ್ ಯಾವಾಗ ಬಂತು?"

ಭಾವಮೈದ ನನ್ನ ಮುಖ ನೋಡಿದ. ನಾನು ಕಂಪ್ರೆಸರಿನ ಮುಖ ನೋಡಿದೆ.

ಆಮೇಲೆ ನಡೆದದ್ದನ್ನು ನಾನು ನನ್ನ ಕೈಯಾರೆ ಮಾಡಿದೆ, ಬೇರೆಯವರ ಕೈ ನಂಬಲಿಲ್ಲ. ಹಿಡಿಕೆ ಇಳಿಸಿ, ಎಲ್ಲ ಸ್ವಿಚ್ ಆರಿಸಿ, ಹಿಡಿಕೆ ಏರಿಸಿ, ಮೊದಲು ಯಂತ್ರ, ಹತ್ತು ಎಣಿಸಿ ಆಮೇಲೆ ಕಂಪ್ರೆಸರ್ ಹಾಕಿದೆ. ದೀಪ ಒಂದು ಸಲ. ರಿಜೆಕ್ಟ್ ಚೀಲಕ್ಕೆ ಬರೀ ಕೆಟ್ಟ ಕಾಳು. ಮತ್ತೆ ಎಲ್ಲವನ್ನೂ ಒಟ್ಟಿಗೆ ಎಬ್ಬಿಸಿದೆ. ಹೂಂಕಾರ, ಲೈಟು ಮಂಕು, ದೀಪ ಎರಡು ಸಲ, ಒಳ್ಳೇ ಕಾಳು ಹಾರಿತು. ಐದು ಸಲ ಹೀಗೆ, ಐದು ಸಲ ಹಾಗೆ ಮಾಡಿದೆ. ಆ ಅಗ್ಗದ ಎಮ್ಮೆ ಏಳುವಾಗ ಮಿಲ್ಲಿನ ಕರೆಂಟನ್ನೆಲ್ಲ ಒಂದೇ ಗುಟುಕಿಗೆ ಹೀರಿ, ಪಾಪದ ಚಿಪ್ ತನ್ನ ಪಟ್ಟಿ ಓದುವ ಹೊತ್ತಿಗೆ ಸರಿಯಾಗಿ ಅದಕ್ಕೆ ಕಣ್ಣು ಕತ್ತಲೆ ಬರಿಸುತ್ತಿತ್ತು. ಹಳೇ ಪಟ್ಟಿ ಓದುವ ಹೊತ್ತಿಗೆ ಎಮ್ಮೆ ಸುಧಾರಿಸಿಕೊಂಡಿರುತ್ತಿತ್ತು.

ಬೆಳಿಗ್ಗೆ ಹಸು, ಸಂಜೆ ಹುಲಿ. ನಡುವೆ ಇದ್ದದ್ದು ನಮ್ಮಪ್ಪನ ಕಟ್ಟಳೆ ಮತ್ತು ನನ್ನ ಚೀಟಿ.

"ಇದರಲ್ಲಿ ನನ್ನದೂ ತಪ್ಪಿದೆ," ಎಂದಳು ಬೋರ್ಡಕ್ಕ ಸ್ಟೂಲಿನ ಮೇಲೆ ಕುಸಿಯುತ್ತ. "ದೀಪ ಇಟ್ಟೆ, ಅದು ಏನು ಹೇಳುತ್ತೆ ಅಂತ ಹೇಳಲಿಲ್ಲ. ನಿಮ್ಮಂಥೋರಿಗೆ ಹೇಳಿದ್ರೆ ಇನ್ನೊಂದು ಅನುಮಾನ ಬರುತ್ತೆ ಅಂತ ಸುಮ್ಮನಾದೆ."

"ಕಂಬ ಮುಟ್ಟಿದ್ದು ಯಾಕೆ?" ತಡೆಯಲಾಗದೆ ಕೇಳಿಬಿಟ್ಟೆ.

"ಒಣ ದಿನದಲ್ಲಿ ಮೈಯಲ್ಲಿ ಚಿಟಿಕೆ ಕರೆಂಟು ಇರುತ್ತೆ ಯಜಮಾನ್ರೇ. ಕಂಬಕ್ಕೆ ಬಿಟ್ಟು ಆಮೇಲೆ ಬೋರ್ಡು ಮುಟ್ಟಬೇಕು. ಇಲ್ಲದಿದ್ರೆ ಚಿಪ್ ಸಾಯುತ್ತೆ." ಕನ್ನಡಕ ಇಳಿಸುತ್ತ ಎಂದಳು: "ಅದನ್ನೂ ಲೆಕ್ಕದಲ್ಲಿ ಇಟ್ಟಿದ್ರಾ?"

ಕಿತ್ತ ಚೀಟಿಯನ್ನು ಮಡಿಸುತ್ತ ನಿಂತೆ, ಕ್ಷಮಿಸಿ ಎನ್ನಲಿಲ್ಲ. ಆಕೆ ಅದನ್ನು ಕೇಳಲೂ ಇಲ್ಲ.

"ನನಗೆ ಇಲ್ಲಿ ಏನೂ ಹೇಳಬೇಡಿ. ಎಲ್ಲಿ ಅಂದ್ರೋ ಅಲ್ಲೇ ಹೇಳಿ. ಅಷ್ಟೇ ಜೋರಾಗಿ."

ಶನಿವಾರ ಸಂಜೆ ಸಂಘದ ಸಭೆಗೆ, ಲಾರಿ ತೂಗುವ ಕಟ್ಟೆಯ ಆಫೀಸಿನಲ್ಲಿ, ಹನ್ನೊಂದು ಪ್ಲಾಸ್ಟಿಕ್ ಕುರ್ಚಿಗಳು ತುಂಬಿದ್ದವು. ನಾನು ಮರದ ತಟ್ಟೆಯನ್ನು ಬಗಲಲ್ಲಿಟ್ಟುಕೊಂಡು ಎದ್ದು ನಿಂತೆ. ಹಿಡಿಕೆ, ಎಮ್ಮೆ, ಎರಡು ಅರೆ, ಚೀಟಿ, ಎಲ್ಲ ಹೇಳಿದೆ. ಹದಿನಾರು ಗುಳಿ ತೋರಿಸಿದೆ. ನಾನು ಮುಗಿಸಿದೆ. ಆಮೇಲೆ ಗಂಟಲು ತನ್ನ ಗಂಟಲು ಸರಿಮಾಡಿಕೊಂಡ.

"ಹೋದ ವಾರ ಕಳ್ಳಿ ಅಂದೆ, ಈ ವಾರ ಗರತಿ ಅಂತೀಯ. ನಡುವೆ ಏನು ನಡೀತಪ್ಪಾ? ಅವಳ ತಮ್ಮ ನಿನ್ನನ್ನೂ ಪಾಲಿಗೆ ಸೇರಿಸಿಕೊಂಡನಾ?"

ಎಲ್ಲರೂ ನಕ್ಕರು. ನಾನು ಬೀದಿಗೆ ಹಂಚಿದ್ದ ಬೀಜ ಇಷ್ಟು ಚೆನ್ನಾಗಿ ಮೊಳೆತು ನನ್ನ ಕಾಲಿಗೇ ಸುತ್ತಿಕೊಳ್ಳುತ್ತದೆ ಎಂದು ನಾನು ಎಣಿಸಿರಲಿಲ್ಲ. ಎಷ್ಟು ಹೇಳಿದರೂ ಅವರ ಕಣ್ಣುಗಳು ನನ್ನ ಜೇಬನ್ನೇ ನೋಡುತ್ತಿದ್ದವು.

ಮೂಲೆಯಲ್ಲಿ ಕೂತಿದ್ದ ಎಣ್ಣೆಬೀಜದ ವ್ಯಾಪಾರಿ, ಎಲ್ಲರಿಗಿಂತ ಹಿರಿಯ, ನಿಧಾನವಾಗಿ ಕೇಳಿದ: "ಹಳೇ ಪಟ್ಟಿ ತಪ್ಪು, ಒಪ್ಪೋಣ. ಆದ್ರೆ ಅವಳು ಬರೆದ ಎರಡನೇ ಪಟ್ಟಿಯೊಳಗೆ ಒಂದು ಕಳ್ಳ ಕಾಳು ಇಟ್ಟಿಲ್ಲ ಅಂತ ನಮಗೆ ಹೇಗೆ ಗೊತ್ತಾಗಬೇಕು? ನಮ್ಮಲ್ಲಿ ಯಾರಿಗಪ್ಪಾ ಅದನ್ನ ಓದೋಕೆ ಬರುತ್ತೆ?"

ಪ್ರಶ್ನೆ ಸರಿಯಾಗಿತ್ತು.

"ಗೊತ್ತಾಗಲ್ಲ," ಎಂಬ ದನಿ ಬಾಗಿಲಿನಿಂದ ಬಂತು. ಬೋರ್ಡಕ್ಕ ಹೊಸ್ತಿಲ ಹೊರಗೆ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ. "ಓದೋಕೆ ಹೋಗಬೇಡಿ ದೊಡ್ಡವರೇ. ಚಿಪ್ ಒಳಗೆ ನಾನು ಏನು ಬರೆದೆ ಅಂತ ತಿಳ್ಕೊಳ್ಳೋಕೆ ನಿಮಗೆ ಚಿಪ್ ಗೊತ್ತಿರಬೇಕಾಗಿಲ್ಲ, ಕಾಳು ಗೊತ್ತಿದ್ರೆ ಸಾಕು. ಬೆಳಿಗ್ಗೆ ಒಂದು ಸಲ, ಊಟ ಆದ ಮೇಲೆ ಒಂದು ಸಲ, ರಿಜೆಕ್ಟ್ ಚೀಲಕ್ಕೆ ಸಲಾಕೆ ಚುಚ್ಚಿ. ಬೇರೆಯವರ ಚೀಲಕ್ಕೆ ಚುಚ್ತೀರಲ್ಲ, ನಿಮ್ಮ 'ಬೇಡ' ಅಂದ ಚೀಲಕ್ಕೆ ಯಾರಾದ್ರೂ ಚುಚ್ಚಿದ್ದೀರಾ?"

ಹನ್ನೊಂದು ವ್ಯಾಪಾರಿಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೂ ಚುಚ್ಚಿರಲಿಲ್ಲ. ಕೆಟ್ಟದ್ದು ಎಂದು ಹೆಸರು ಬಿದ್ದ ಚೀಲದೊಳಗೆ ಒಳ್ಳೆಯದು ಹುಡುಕುವುದು ನಮ್ಮ ಬೀದಿಯ ಪದ್ಧತಿಯಲ್ಲೇ ಇಲ್ಲ.

ಮೊದಲು ಎದ್ದವನು ಗಂಟಲು. ನೀರು ಕುಡಿದು ಬರುತ್ತೇನೆಂದು ಹೋದವನು ತನ್ನ ಮಿಲ್ಲಿನಿಂದ ಇಪ್ಪತ್ತು ನಿಮಿಷದ ಮೇಲೆ ವಾಪಸು ಬಂದ. ಅವನ ಯಂತ್ರಕ್ಕೂ ಆಕೆಯೇ ಹೊಸ ಪಟ್ಟಿ ಬರೆದಿದ್ದಳು, ಅದೇ ಥರದ ದೀಪ ಇಟ್ಟಿದ್ದಳು; ಅವನ ಮಿಲ್ಲಿನಲ್ಲೂ ಊಟದ ಮೇಲೆ ಕಂಪ್ರೆಸರೂ ಯಂತ್ರವೂ ಒಂದೇ ಹಿಡಿಕೆಗೆ ಒಟ್ಟಿಗೆ ಏಳುತ್ತಿದ್ದವು.

"ಎರಡು ಸಲ," ಎಂದ. ಅವನ ಜೀವನದಲ್ಲಿ ಅಷ್ಟು ಮೆತ್ತಗೆ ಅವನು ಏನನ್ನೂ ಹೇಳಿದ್ದನ್ನು ನಾನು ಕೇಳಿಲ್ಲ. "ಚೀಲಕ್ಕೂ ಚುಚ್ಚಿದೆ. ಎಷ್ಟು ದಿನದಿಂದಲೋ ಏನೋ."

ಆ ರಾತ್ರಿ ತೀರ್ಮಾನ ಬರೆಯಲೇ ಇಲ್ಲ. ಮುಂದಿನ ವಾರದೊಳಗೆ ಒಂಬತ್ತು ಮಿಲ್ಲಿನವರು ಆಕೆಯನ್ನು ಕರೆಸಿದರು, ಕಂಪ್ರೆಸರು ಅರ್ಧ ನಿಮಿಷ ತಡವಾಗಿ ಏಳುವ ಹಾಗೆ ಒಂದು ಪುಟ್ಟ ಡಬ್ಬಿ ಹಾಕಿಸಿಕೊಂಡರು. ಹತ್ತನೆಯವನು ಇನ್ನೂ ಕರೆಸಿಲ್ಲ, ಹೊಗೆ ಇದ್ದಲ್ಲಿ ಬೆಂಕಿ ಇರಲೇಬೇಕು ಎನ್ನುತ್ತಾನೆ. ಅದನ್ನು ನಾನೇ ಅವನ ಕಿವಿಗೆ ಹಾಕಿದ್ದೆ, ಈಗ ತೆಗೆಯಲು ಹೋದರೆ ಇನ್ನೂ ಒಳಗೆ ಹೋಗುತ್ತದೆ.

ನನ್ನ ಮಿಲ್ಲಿಗೂ ಬಂದಳು, ಡಬ್ಬಿ ಹಾಕಿದಳು. ಆದರೆ ತಮ್ಮ ಮಾತ್ರ ನನ್ನಲ್ಲಿ ಒಂದು ಚೀಲವನ್ನೂ ಈಗ ಕೊಳ್ಳುವುದಿಲ್ಲ. ಕಾರಣ ಕೇಳಿದರೆ, "ಅಕ್ಕ ಬೇಡ ಅಂದಿದ್ದಾಳೆ. ಕೋಳಿಗೆ ಮೇವು ಹಾಕು, ಅನುಮಾನಕ್ಕೆ ಹಾಕಬೇಡ ಅಂದ್ಲು," ಎನ್ನುತ್ತಾನೆ. ಅವನಷ್ಟು ಹೊತ್ತಿಗೆ ಸರಿಯಾಗಿ ಬಂದು ಎತ್ತಿಕೊಂಡು ಹೋಗುವ ಗಿರಾಕಿ ನನಗೆ ಮತ್ತೆ ಸಿಕ್ಕಿಲ್ಲ. ರಿಜೆಕ್ಟ್ ಚೀಲಗಳು ಮೂಲೆಯಲ್ಲಿ ಒಂದರ ಮೇಲೊಂದು ಕೂತು ನನ್ನನ್ನು ನೋಡುತ್ತವೆ.

ಗಾಜಿನ ಮೇಲೆ ಚೀಟಿಯ ಅಂಟಿನ ಗುರುತು ಇನ್ನೂ ಇದೆ. ಒರೆಸಬೇಡಿ ಎಂದು ಬೋರ್ಡಕ್ಕನೇ ಹೇಳಿದ್ದಾಳೆ. ದಿನವೂ ಊಟ ಮುಗಿದು ಹಿಡಿಕೆ ಏರಿದಾಗ ನಾನು ಅದರ ಮುಂದೆ ಹೋಗಿ ನಿಲ್ಲುತ್ತೇನೆ. ಒಂದು ಸಲ ಮಿಟುಕುತ್ತದೆ, ವಿರಾಮ. ಮತ್ತೆ ಒಂದು ಸಲ. ಆಮೇಲೆ ಸಲಾಕೆ ತೆಗೆದುಕೊಂಡು ರಿಜೆಕ್ಟ್ ಚೀಲಕ್ಕೆ ಚುಚ್ಚುತ್ತೇನೆ.

"ದೀಪ ಸರಿ ಇದೆ, ಚೀಲ ಸರಿ ಇದೆ," ಎನ್ನುತ್ತಾನೆ ಭಾವಮೈದ. "ಇನ್ನೂ ಯಾಕೆ ನಿಂತಿದ್ದೀರಿ ಭಾವ?"

"ಇರೋ," ಎನ್ನುತ್ತೇನೆ. "ಇನ್ನೊಂದು ಸಲ ನೋಡ್ತೀನಿ."